ದಾವಣಗೆರೆಯಿಂದ ಹೊನ್ನಾವರ, ಮುರುಡೇಶ್ವರ, ಮರವಂತೆ: ಮೂರು ದಿನಕ್ಕೆ ದಾರಿ, ಅಲೆ, ಮೀನು, ಊಟದ ಸಲಹೆ ಬೇಕು

ಪಿ.ಜೆ. ಬಡಾವಣೆ

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಮೂರು ದಿನ ಕರಾವಳಿ ಕಡೆ ಹೋಗೋ ಲೆಕ್ಕ. ಒಂದು ಕಾರು, ಐದು ಜನ. 8 ಮತ್ತು 11 ವರ್ಷದ ಇಬ್ಬರು ಮಕ್ಕಳು, ಮಂಡಿನೋವಿನ ಅಜ್ಜಿ ಒಬ್ಬರು. ಅಜ್ಜಿಗೆ ಶುದ್ಧ ಸಸ್ಯಾಹಾರ ಬೇಕು, ಉಳಿದವರು ಮೀನು ತಿಂತಾರೆ. ಯಾವ ಘಾಟಿ ಇಳಿಯೋದು ಒಳ್ಳೆಯದು? ಮಕ್ಕಳನ್ನ ಎಲ್ಲಿ ನೀರಿಗೆ ಬಿಡಬಹುದು? ವಾಪಸ್ ಬರುವಾಗ ಮೀನು ತಂದರೆ ಕೆಡದಂತೆ ಹೇಗೆ ತರೋದು? ಸುಮ್ಮನೆ ಜಾಗದ ಹೆಸರು ಬೇಡ, ಹೋಗೋ ಮುಂಚೆ ತಿಳ್ಕೊಂಡಿರಬೇಕಾದ ವಿಷಯ ಹೇಳ್ರಿ.

ಹೊನ್ನಾಳಿ ರಸ್ತೆ

ಸರ್, ದಾವಣಗೆರೆಯಿಂದ ಕಡಲಿಗೆ ಇಳಿಯೋಕೆ ಮುಖ್ಯವಾಗಿ ಮೂರು ದಾರಿ. ಹೊನ್ನಾಳಿ, ಶಿವಮೊಗ್ಗ, ಸಾಗರ, ಜೋಗ, ಗೇರುಸೊಪ್ಪೆ ಮೇಲೆ ಹೊನ್ನಾವರ ಸುಮಾರು 240 ಕಿ.ಮೀ. ಹಾವೇರಿ, ಶಿರಸಿ, ದೇವಿಮನೆ ಘಾಟಿ ಮೇಲೆ ಕುಮಟಾ ಸುಮಾರು 215. ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಮೇಲೆ ಉಡುಪಿ 230ರ ಆಸುಪಾಸು.

ಲೆಕ್ಕದಲ್ಲಿ ಶಿರಸಿ ದಾರಿ ಹತ್ತಿರ. ಹಾವೇರಿವರೆಗೆ ಹೆದ್ದಾರಿ ಬೇರೆ. ಆದರೆ ದೇವಿಮನೆ ಘಾಟಿಯಲ್ಲಿ ಅಗಲೀಕರಣದ ಕೆಲಸಕ್ಕೆ ಅಂತ ಹಲವು ಸಲ ರಸ್ತೆ ಬಂದ್ ಮಾಡಿದ್ದಾರೆ. ಹೊರಡುವ ಹಿಂದಿನ ದಿನ ಶಿರಸಿ ಕಡೆಯ ಯಾರನ್ನಾದರೂ ಕೇಳದೆ ಆ ದಾರಿ ಹಿಡಿಯಬೇಡಿ. ಶಿರಸಿಗೆ ಹೋದ ಮೇಲೆ ಗೊತ್ತಾದರೆ ಸಿದ್ದಾಪುರ, ಮಾವಿನಗುಂಡಿಗೆ ಸುತ್ತಿಕೊಂಡು ಹೊನ್ನಾವರಕ್ಕೆ ಇಳಿಯಬೇಕಾಗುತ್ತೆ, ಅರ್ಧ ದಿನ ಹೋಯ್ತು ಅಂತಲೇ ಲೆಕ್ಕ.

ಅಜ್ಜಿ ಜೊತೆಗಿದ್ದಾರೆ ಅಂದ್ರೆ ನನ್ನ ಮಾತು ಜೋಗದ ದಾರಿ. ಬೆಳಿಗ್ಗೆ 6ಕ್ಕೆ ಹೊರಟರೆ ಶಿವಮೊಗ್ಗದಲ್ಲಿ ತಿಂಡಿ, 11ರ ಹೊತ್ತಿಗೆ ಜೋಗ. ವೀಕ್ಷಣಾ ಕಟ್ಟೆಯಿಂದಲೇ ಜಲಪಾತ ಚೆನ್ನಾಗಿ ಕಾಣುತ್ತೆ. ಕೆಳಗೆ ಇಳಿಯೋ ಮೆಟ್ಟಿಲು 1,400ರಷ್ಟಿವೆ, ಮಂಡಿನೋವಿನವರು ಆ ಕಡೆ ನೋಡೋದೂ ಬೇಡ. ಅಲ್ಲಿಂದ ಹೊನ್ನಾವರ 60 ಕಿ.ಮೀ. ಚಿಲ್ಲರೆ. ಮಾವಿನಗುಂಡಿ ದಾಟಿದ ಮೇಲೆ ತಿರುವುಗಳು ಶುರು. ಹಿಂದಿನ ಸೀಟಿನಲ್ಲಿ ಮೊಬೈಲ್ ನೋಡೋ ಮಕ್ಕಳಿಗೆ ವಾಂತಿ ಬರೋದು ಇಲ್ಲೇ. ಜೋಗದಲ್ಲಿ ಹೊಟ್ಟೆ ತುಂಬ ಊಟ ಮಾಡಿಸಬೇಡಿ, ಮಂಡಕ್ಕಿ, ಬಾಳೆಹಣ್ಣು ಸಾಕು. ಊಟ ಹೊನ್ನಾವರದಲ್ಲಿ.

ಚಂದ್ರವಳ್ಳಿ

ಚಿತ್ರದುರ್ಗದವರಿಗೂ ಉಪಯೋಗವಾಗಲಿ ಅಂತ ಸೇರಿಸ್ತೀನಿ. ದುರ್ಗದಿಂದ ಹೊಳಲ್ಕೆರೆ, ಚನ್ನಗಿರಿ ದಾಟಿ ಶಿವಮೊಗ್ಗ ಸುಮಾರು 105 ಕಿ.ಮೀ. ದಾವಣಗೆರೆಗೆ ಹೋಗಿ ಸುತ್ತೋ ಅಗತ್ಯ ಇಲ್ಲ. ಶಿವಮೊಗ್ಗದಿಂದ ಮುಂದೆ ಎರಡೂ ಊರಿನವರಿಗೆ ದಾರಿ ಒಂದೇ.

ಬಸ್ಸಿನಲ್ಲಿ ಹೋಗೋರು ಶಿವಮೊಗ್ಗದಲ್ಲಿ ಇಳಿದು ಉಡುಪಿ ಕಡೆಯ ಮಿನಿ ಬಸ್ಸು ಹಿಡೀಬೇಕು, ಅವು ಆಗುಂಬೆ ಮೇಲೆ ಹೋಗ್ತವೆ. ಆಗುಂಬೆ ಘಾಟಿಯಲ್ಲಿ 14 ಕಡಿದಾದ ತಿರುವು, ಭಾರಿ ವಾಹನ ಬಿಡಲ್ಲ. ದೊಡ್ಡ ಬಸ್ಸು ಬಾಡಿಗೆಗೆ ತಗೊಂಡು ಮದುವೆ ಗುಂಪಿನ ಹಾಗೆ ಹೊರಡೋರು ಇದನ್ನ ಮರೀತಾರೆ, ಕೊನೆಗೆ ಹುಲಿಕಲ್ ಘಾಟಿಗೆ ತಿರುಗಿಕೊಳ್ತಾರೆ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಸಣ್ಣ ವಾಹನಕ್ಕೂ ನಿರ್ಬಂಧ ಬರುತ್ತೆ. ಜಿಲ್ಲಾಡಳಿತದ ಆದೇಶ ನೋಡಿಕೊಂಡು ಹೊರಡಿ.

ಇನ್ನೊಂದು ಹೊಸ ದಾರಿ: ಸಾಗರದಿಂದ ಸಿಗಂದೂರು ಕಡೆ. ಶರಾವತಿ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಓಡಾಟಕ್ಕೆ ತೆರೆದಿದೆ, ಉದ್ದ 2.4 ಕಿ.ಮೀ. ಹತ್ತಿರ. ಮೊದಲು ಲಾಂಚ್‌ಗೆ ಕಾಯ್ತಾ ಕೂರಬೇಕಿತ್ತು. ಈಗ ಸಿಗಂದೂರು ಮುಗಿಸಿ ಕೊಲ್ಲೂರಿಗೂ ಆ ಕಡೆಯಿಂದಲೇ ಹೋಗಬಹುದು. ಸೇತುವೆ ಅಗಲ ಇದೆ ಅಂತ ಮುಂದಿನ ರಸ್ತೆಯೂ ಹಾಗೇ ಇರುತ್ತೆ ಅನ್ಕೋಬೇಡಿ. ಹಗಲಲ್ಲೇ ದಾಟಿ.

ಹರಿಹರದ ಹೊಳೆ

ನಮ್ಮ ಕಡೆ ಡ್ರೈವಿಂಗ್ ಕಲಿತವರಿಗೆ ನಾಲ್ಕು ಪಥದ ಹೆದ್ದಾರಿ ಅಭ್ಯಾಸ. ಘಾಟಿಯಲ್ಲಿ ಆಗೋ ತಪ್ಪು ಒಂದೇ: ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯೋದು. ಪ್ಯಾಡ್ ಕಾಯ್ತವೆ, ಸುಟ್ಟ ವಾಸನೆ ಬರುತ್ತೆ, ಆಮೇಲೆ ಪೆಡಲ್ ಒತ್ತಿದರೂ ಗಾಡಿ ಹಿಡಿಯಲ್ಲ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳೀಬೇಕು, ಅಂದ್ರೆ ಹೆಚ್ಚಾಗಿ ಎರಡನೇದು. ವೇಗವನ್ನ ಎಂಜಿನ್ನೇ ತಡೀಲಿ, ಬ್ರೇಕ್ ಬರೀ ತಿರುವಿನ ಮುಂಚೆ ಒಂದೆರಡು ಸಲ. ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸೋ ಲೆಕ್ಕಾಚಾರ ದಯವಿಟ್ಟು ಬೇಡ. ಆಟೋಮ್ಯಾಟಿಕ್ ಗಾಡಿ ಇದ್ದರೆ "ಡಿ" ಬಿಟ್ಟು ಮ್ಯಾನುಯಲ್ ಅಥವಾ "ಎಲ್" ಹಾಕಿಕೊಳ್ಳಿ.

ವಾಸನೆ ಬಂತು ಅಂದ್ರೆ ಅಗಲ ಇರೋ ಕಡೆ ನಿಲ್ಲಿಸಿ ಇಪ್ಪತ್ತು ನಿಮಿಷ ಸುಮ್ಮನೆ ಬಿಡಿ. ಚಕ್ರಕ್ಕೆ ನೀರು ಹೊಯ್ಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತೆ. ಹತ್ತೋ ಗಾಡಿಗೆ ಮೊದಲು ದಾರಿ ಬಿಡೋದು ಘಾಟಿಯ ಮರ್ಯಾದೆ, ಕಾನೂನು ಕೂಡ.

ಕಾಸರಕೋಡು ಟೊಂಕ

ನಾನು ಹೊನ್ನಾವರ ಕಡೆಯವ, ಈಗ ವಾಸ ದಾವಣಗೆರೆಯಲ್ಲಿ. ದಾರಿ ಬಗ್ಗೆ ಎಲ್ಲ ಹೇಳಿದ್ರಿ, ನಾನು ನೀರಿನ ಬಗ್ಗೆ ಹೇಳ್ತೆ. ಸ್ವಲ್ಪ ಉದ್ದ ಆಗ್ತದೆ, ಓದಿ ಮಾರಾಯ್ರೆ.

ಭದ್ರಾ ಕಾಲುವೆಯಲ್ಲೋ ಸೂಳೆಕೆರೆಯಲ್ಲೋ ಈಜು ಕಲಿತವರಿಗೆ ಕಡಲು ಗೊತ್ತಿರೋದಿಲ್ಲ. ಕಾಲುವೆ ನೀರು ಒಂದೇ ಕಡೆ ಎಳೀತದೆ, ಕೆರೆ ನೀರು ಎಳೆಯೋದೇ ಇಲ್ಲ. ಕಡಲಲ್ಲಿ ಅಲೆ ದಡಕ್ಕೆ ತಂದು ಹಾಕಿದ ನೀರು ಎಲ್ಲಿಂದಲಾದ್ರೂ ವಾಪಸ್ ಹೋಗಲೇಬೇಕಲ್ಲ? ಅದು ಮರಳಿನ ದಿಬ್ಬದ ನಡುವೆ ತಗ್ಗು ಇರೋ ಕಡೆ ಸೇರಿ ಒಂದೇ ಓಣಿಯಾಗಿ ಹೊರಗೆ ಓಡ್ತದೆ. ಆ ಓಣಿಯಲ್ಲಿ ಅಲೆ ಒಡೆಯೋದಿಲ್ಲ. ಎಡಕ್ಕೆ, ಬಲಕ್ಕೆ ಬಿಳಿ ನೊರೆ ಇರ್ತದೆ, ಮಧ್ಯೆ ಹತ್ತು ಹದಿನೈದು ಮೀಟರ್ ನೀರು ಮಾತ್ರ ಶಾಂತವಾಗಿ, ಸ್ವಲ್ಪ ಕಡುಬಣ್ಣದಲ್ಲಿ ಕಾಣ್ತದೆ. ಅಲೆ ಕಮ್ಮಿ ಇದೆ ಅಂತ ಮಕ್ಕಳನ್ನ ಕರೆದುಕೊಂಡು ಜನ ಇಳಿಯೋದು ಸರಿಯಾಗಿ ಅಲ್ಲಿಗೇ. ಬಂಡೆಯ ಮಗ್ಗುಲು ಮತ್ತು ಅಳಿವೆ ಬಾಯಿ, ಅಂದ್ರೆ ಹೊಳೆ ಕಡಲಿಗೆ ಸೇರೋ ಜಾಗ, ಇನ್ನೂ ಅಪಾಯ. ಶರಾವತಿ, ಅಘನಾಶಿನಿ, ಗಂಗಾವಳಿ, ಯಾವ ಅಳಿವೆಯಾದ್ರೂ ಇಳಿತದ ಹೊತ್ತಿಗೆ ಹೊಳೆ ಪೂರ್ತಿ ಕಡಲಿಗೆ ಓಡ್ತಾ ಇರ್ತದೆ.

ಹಾಗಾಗಿ ನೀರಿಗೆ ಇಳಿಯೋ ಮುಂಚೆ ದಡದ ಎತ್ತರದ ಮರಳ ಮೇಲೆ ನಿಂತು ಹತ್ತು ನಿಮಿಷ ಬರೀ ನೋಡಿ. ಯಾವ ಕಡೆ ಅಲೆ ಸಾಲಾಗಿ ಒಡೀತದೆ, ಯಾವ ಕಡೆ ನೊರೆ ಹೊರಗೆ ಹೋಗ್ತದೆ ಅನ್ನೋದು ಕಣ್ಣಿಗೇ ಕಾಣ್ತದೆ.

ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ಮುಖ ಮಾಡಿ ಈಜಬೇಡಿ. ಎಂಥ ಈಜುಗಾರನೂ ಸೋಲೋದು ಅಲ್ಲೇ. ಅಂಗಾತ ತೇಲಿ, ಕೈ ಎತ್ತಿ ಬೀಸಿ, ಆಗ್ತದೆ ಅಂದ್ರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರೀರಿ. ಓಣಿ ದಾಟಿದ ಮೇಲೆ ಅಲೆಯೇ ದಡಕ್ಕೆ ತರ್ತದೆ. ದಡದಲ್ಲಿ ಇರುವವರು ಹಿಂದೆ ಹಾರಬಾರದು. ಖಾಲಿ ನೀರಿನ ಕ್ಯಾನಿಗೆ ಮುಚ್ಚಳ ಬಿಗಿದು ಎಸೆಯಿರಿ, 20 ಲೀಟರಿನದು ಒಬ್ಬ ದೊಡ್ಡ ಮನುಷ್ಯನನ್ನ ಆರಾಮಾಗಿ ತೇಲಿಸ್ತದೆ. ಕಾರಿನಲ್ಲಿ ಒಂದು ಇರಲಿ, ಜೊತೆಗೆ ಹತ್ತಿಪ್ಪತ್ತು ಮೀಟರ್ ಹಗ್ಗ.

8 ವರ್ಷದ ಮಗುವಿಗೆ ಮಂಡಿಮಟ್ಟದ ನೀರು ಸಾಕು, ಅದೂ ದೊಡ್ಡವರ ಕೈಯಳತೆಯಲ್ಲಿ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ನೀರುಪಾಲಾದರು. ಡಿಸೆಂಬರ್ ಅಂದ್ರೆ ನಮ್ಮಲ್ಲಿ ಕಡಲು ಶಾಂತ ಇರೋ ಕಾಲ. ಅಂಥ ಕಾಲದಲ್ಲೂ ಹಾಗಾಯ್ತು ಅನ್ನೋದು ನೆನಪಿರಲಿ. ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡದೆ ಮೇಲೆ ಬನ್ನಿ.

ಪಿ.ಜೆ. ಬಡಾವಣೆ

ಇದು ಯಾರೂ ಹೇಳದ ವಿಷಯ, ಧನ್ಯವಾದ ಸರ್. ಹಾಗಾದರೆ ಅಕ್ಟೋಬರ್ ಮೊದಲ ವಾರ ಹೋಗಬಹುದಾ?

ಕಾಸರಕೋಡು ಟೊಂಕ

ನೋಡೋಕೆ ಬನ್ನಿ, ಆಡೋಕೆ ಬೇಡ. ಮಳೆಗಾಲದ ಅಲೆ ದಡದ ಮರಳನ್ನ ಕಿತ್ತುಕೊಂಡು ಹೋಗಿರ್ತದೆ, ಅದು ನಿಧಾನಕ್ಕೆ ವಾಪಸ್ ಬಂದು ಕೂರಬೇಕು. ಅಲ್ಲಿವರೆಗೆ ದಡ ಕಡಿದಾಗಿ ಇರ್ತದೆ, ನಾಲ್ಕು ಹೆಜ್ಜೆಗೆ ಎದೆಮಟ್ಟ. ನವೆಂಬರ್‌ನಿಂದ ಫೆಬ್ರವರಿ ಒಳ್ಳೇದು. ಮಾರ್ಚ್ ನಂತರ ಸೆಕೆ. ನಿಮ್ಮ ಊರಿನ ಬಿಸಿಲು ಒಣ ಬಿಸಿಲು, ಬೆವರು ಆರ್ತದೆ. ಇಲ್ಲಿ ಬೆವರು ಆರೋದೇ ಇಲ್ಲ, ವಯಸ್ಸಾದವರು ಬೇಗ ಸುಸ್ತಾಗ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ನೀರಿನ ಮಾತೇ ಬೇಡ. ಮಳೆ ಜೋರಿದ್ದಾಗ 66ನೇ ಹೆದ್ದಾರಿಯ ಗುಡ್ಡ ಕೊರೆದ ಜಾಗಗಳಲ್ಲಿ ಗಾಡಿ ನಿಲ್ಲಿಸಿ ಚಾ ಕುಡಿಯೋದೂ ಬೇಡ. 2024ರ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಅಂಥ ಜಾಗದಲ್ಲೇ.

ಹೊನ್ನಾಳಿ ರಸ್ತೆ

ದೀಪಾವಳಿ ಆದಮೇಲೆ ಹೋದ್ರೆ ಜೋಗದಲ್ಲಿ ನೀರು ಕಮ್ಮಿ ಆಗಿರುತ್ತಲ್ಲ ಸರ್? ನನ್ನ ಪ್ರಕಾರ ಅಕ್ಟೋಬರ್ ಕೊನೆ ಎರಡಕ್ಕೂ ಹೊಂದುತ್ತೆ.

ಕಾಸರಕೋಡು ಟೊಂಕ

ಜೋಗಕ್ಕೆ ಅಂತ ಬೇಕಾದ್ರೆ ಇನ್ನೊಂದು ಸಲ ಬನ್ನಿ. ಮಕ್ಕಳು ನೀರಿಗೆ ಇಳಿಯೋದು ಇದ್ದರೆ ತಿಂಗಳು ಆರಿಸೋದು ಕಡಲು ನೋಡಿ. ಇದರಲ್ಲಿ ನಾನು ರಾಜಿ ಇಲ್ಲ.

ಭರತ–ಇಳಿತದ ಲೆಕ್ಕವೂ ಹೇಳಿಬಿಡ್ತೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ, ಒಂದರಿಂದ ಇನ್ನೊಂದಕ್ಕೆ ಆರು ಗಂಟೆ ಚಿಲ್ಲರೆ. ಮಾರನೇ ದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಏರಿಳಿತ ಜಾಸ್ತಿ, ಅಷ್ಟಮಿ ಹತ್ತಿರ ಕಮ್ಮಿ. ದಡದಲ್ಲಿ ಬಲೆ ಹೊಲಿಯೋರನ್ನ "ಇವತ್ತು ಭರತ ಎಷ್ಟೊತ್ತಿಗೆ?" ಅಂತ ಕೇಳಿದ್ರೆ ಗಡಿಯಾರ ನೋಡದೆ ಹೇಳ್ತಾರೆ. ಗೋಕರ್ಣದ ಕಡೆ ಬಂಡೆ ಬುಡದಲ್ಲಿ ಒಂದು ದಡದಿಂದ ಇನ್ನೊಂದಕ್ಕೆ ನಡೆಯೋರು ಇದನ್ನ ಕೇಳದೆ ಹೋಗಿ, ವಾಪಸ್ ಬರುವಾಗ ದಾರಿಯೇ ಮುಳುಗಿರೋದು ನೋಡ್ತಾರೆ.

ಕೆಟಿಜೆ ನಗರ

ಅಣ್ಣಾ, ಅಂಬಲಿಮೀನು (ಜೆಲ್ಲಿ ಫಿಶ್) ಕಚ್ಚಿದರೆ ಏನು ಮಾಡಬೇಕು? ಮಕ್ಕಳಿಗೆ ಕೈಕಾಲು ಉರಿ ಬರುತ್ತೆ ಅಂತಾರೆ.

ಕಾಸರಕೋಡು ಟೊಂಕ

ಅದು ಕಚ್ಚೋದಲ್ಲ ತಮ್ಮಾ, ಎಳೆ ತಾಗೋದು. ಸಮುದ್ರದ ನೀರಿನಿಂದಲೇ ತೊಳೀಬೇಕು. ಬಾಟಲಿಯ ಸಿಹಿನೀರು ಹೊಯ್ದರೆ ಒಡೆಯದೆ ಉಳಿದ ವಿಷದ ಚೀಲಗಳೂ ಒಡೆದು ಉರಿ ಜಾಸ್ತಿ ಆಗ್ತದೆ. ಮರಳು ಹಾಕಿ ಉಜ್ಜೋದೂ ತಪ್ಪು. ಅಂಟಿದ ಎಳೆಯನ್ನ ಬರಿಗೈಲಿ ಮುಟ್ಟದೆ ಕಾರ್ಡಿನ ಅಂಚಿನಿಂದಲೋ ಚಿಮಟದಿಂದಲೋ ತೆಗೆಯಿರಿ. ಆಮೇಲೆ ಸಹಿಸೋ ಅಷ್ಟು ಬಿಸಿ ಇರೋ ನೀರಿನಲ್ಲಿ ಅದ್ದಿದರೆ ನೋವು ಇಳೀತದೆ. ಉಸಿರು ಕಟ್ಟಿದ ಹಾಗೆ ಆದರೆ, ಮುಖ ಊದಿದರೆ ನೇರ ಆಸ್ಪತ್ರೆಗೆ.

ಚಂದ್ರವಳ್ಳಿ

ಅಜ್ಜಿಗೆ ಮಂಡಿನೋವು ಅಂದಿದ್ದೀರಿ. ಹಾಗಿದ್ದರೆ ಗೋಕರ್ಣದ ಓಂ, ಹಾಫ್ ಮೂನ್ ಎಲ್ಲ ಬಿಡಿ, ಮೆಟ್ಟಿಲು, ಗುಡ್ಡ ಜಾಸ್ತಿ. ಹೊನ್ನಾವರದ ಪಕ್ಕದ ಕಾಸರಕೋಡು ಸರಿಯಾದ ಜಾಗ. 2020ರಲ್ಲಿ ನೀಲಿ ಬಾವುಟದ (ಬ್ಲೂ ಫ್ಲ್ಯಾಗ್, ಸ್ವಚ್ಛ, ಸುರಕ್ಷಿತ ತೀರಕ್ಕೆ ಕೊಡೋದು) ಮಾನ್ಯತೆ ಸಿಕ್ಕ ಎರಡು ಕರ್ನಾಟಕದ ಕಡಲತೀರಗಳಲ್ಲಿ ಅದೂ ಒಂದು, ಇನ್ನೊಂದು ಪಡುಬಿದ್ರಿ. ಶೌಚಾಲಯ, ಬಟ್ಟೆ ಬದಲಿಸೋ ಕೋಣೆ, ಸ್ನಾನಕ್ಕೆ ಸಿಹಿನೀರು ಇರುತ್ತೆ. ಹತ್ತಿರದಲ್ಲೇ ಶರಾವತಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಲಗೆ ದಾರಿ ಮಾಡಿದ್ದಾರೆ, ಏರುಪೇರು ಇಲ್ಲ, ಅಜ್ಜಿ ಕೋಲು ಹಿಡಿದು ನಡೀಬಹುದು. ಇಳಿತದ ಹೊತ್ತಿಗೆ ಹೋಗಿ, ಬೇರುಗಳ ನಡುವೆ ಕೆಸರಲ್ಲಿ ಏಡಿ ಓಡಾಡೋದು ಕಾಣುತ್ತೆ. ಉಬ್ಬರದಲ್ಲಿ ಬರೀ ನೀರು.

ಮುರುಡೇಶ್ವರದಲ್ಲಿ 123 ಅಡಿಯ ಶಿವನ ಮೂರ್ತಿಯ ಹತ್ತಿರ ಮೆಟ್ಟಿಲು ಹತ್ತೋ ಬದಲು ರಾಜಗೋಪುರದ ಲಿಫ್ಟಿನಲ್ಲಿ ಕರೆದುಕೊಂಡು ಹೋಗಿ, ಮೇಲಿಂದ ಮೂರ್ತಿಯೂ ಮೂರು ಕಡೆಯ ಕಡಲೂ ಒಟ್ಟಿಗೆ ಕಾಣುತ್ತೆ. ಬೆಳಿಗ್ಗೆ ಬೇಗ ಹೋದರೆ ಸಾಲು ಸಣ್ಣದು.

ಹರಿಹರದ ಹೊಳೆ

ಉಡುಪಿ ಕಡೆ ಮುಂದುವರಿಯೋರು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋದಾದರೆ ಚಳಿಗಾಲದಲ್ಲೇ ಹೋಗಿ, ಮಳೆಗಾಲದಲ್ಲಿ ದೋಣಿ ಬಿಡಲ್ಲ. ದ್ವೀಪದಲ್ಲಿ ನೆರಳು ಕಮ್ಮಿ, ಬಂಡೆ ಕಾಯುತ್ತೆ. ಬೆಳಗಿನ ಮೊದಲ ದೋಣಿ ಹಿಡಿದು ಎರಡು ಗಂಟೆಯಲ್ಲಿ ವಾಪಸ್ಸಾಗೋದು ಸರಿ.

ಚಂದ್ರವಳ್ಳಿ

ಆ ದ್ವೀಪದ ಬಗ್ಗೆ ದುರ್ಗದವರು ಮಕ್ಕಳಿಗೆ ಒಂದು ವಿಷಯ ಹೇಳಲೇಬೇಕು. ಅಲ್ಲಿಯ ಕಂಬದಂಥ ಕಲ್ಲುಗಳು ಲಾವಾ ತಣ್ಣಗಾಗುವಾಗ ಕುಗ್ಗಿ ಸೀಳಿ ಆದವು, ವಯಸ್ಸು ಸುಮಾರು 8.8 ಕೋಟಿ ವರ್ಷ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ್ದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮ ಜಿಲ್ಲೆಯ ಮರಡಿಹಳ್ಳಿಯಲ್ಲೂ ಅಂಥದ್ದೇ ಸ್ಮಾರಕ ಇದೆ, ಅಲ್ಲಿರೋದು ದಿಂಬಿನಾಕಾರದ ಲಾವಾ. ಲಾವಾ ನೀರಿನೊಳಗೆ ಉಕ್ಕಿ ಥಟ್ಟನೆ ತಣ್ಣಗಾದರೆ ಮಾತ್ರ ಹಾಗೆ ದಿಂಬು ದಿಂಬಾಗುತ್ತೆ. ಅಂದರೆ ಈಗ ಒಣಗಿ ನಿಂತ ಮರಡಿಹಳ್ಳಿ ನೂರಾರು ಕೋಟಿ ವರ್ಷಗಳ ಹಿಂದೆ ಕಡಲ ತಳ. ಹೊರಡೋ ಮುಂಚೆ ಮಕ್ಕಳಿಗೆ ಮರಡಿಹಳ್ಳಿ ತೋರಿಸಿ, ಆಮೇಲೆ ದ್ವೀಪ ತೋರಿಸಿ.

ಕೆಟಿಜೆ ನಗರ

ಮೀನಿನ ವಿಷಯ ಉಳೀತು. ದಾವಣಗೆರೆಗೆ ಐದಾರು ಗಂಟೆ ಪ್ರಯಾಣ, ಐಸ್ ಎಷ್ಟು ಹಾಕಬೇಕು?

ಕಾಸರಕೋಡು ಟೊಂಕ

ಮೊದಲು ಹೆಸರು ಸರಿ ಮಾಡ್ಕೊಳ್ಳಿ, ಇಲ್ಲಾಂದ್ರೆ ಪೇಟೆಯಲ್ಲಿ ತಬ್ಬಿಬ್ಬಾಗ್ತೀರಿ. ನಮ್ಮಲ್ಲಿ ತಾರ್ಲೆ (ಸಾರ್ಡೀನ್) ಅನ್ನೋದು ಕುಂದಾಪುರದಲ್ಲಿ ಬೈಗೆ, ಉಡುಪಿಯಲ್ಲಿ ಬೂತಾಯಿ. ನಮ್ಮ ಇಸ್ವಾಣ ಅಲ್ಲಿ ಅಂಜಲ್. ನಮ್ಮ ಶೆಟ್ಲಿ ನಿಮ್ಮ ಸಿಗಡಿ. ಬಂಗಡೆ–ಬಂಗುಡೆ ಮಾತ್ರ ಎಲ್ಲಾ ಕಡೆ ಗೊತ್ತಾಗ್ತದೆ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ, ಮೀನು ಮರಿ ಹಾಕೋ ಕಾಲ. ಆಗ ಪೇಟೆಯಲ್ಲಿ ದೊಡ್ಡ ಮೀನು ಕಂಡರೆ ಹೆಚ್ಚಿನದು ಹೊರಗಿನದು ಅಥವಾ ಐಸಿನಲ್ಲಿಟ್ಟದ್ದು. ನೀವು ಬರೋ ಹೊತ್ತಿಗೆ ಆ ಚಿಂತೆ ಇಲ್ಲ.

ಮೀನನ್ನ ಹೀಗೆ ನೋಡಿ: ಕಿವಿರು ಎತ್ತಿದರೆ ಒಳಗೆ ರಕ್ತಗೆಂಪು ಇರಬೇಕು, ಕಂದು ಬೇಡ. ಕಣ್ಣು ಉಬ್ಬಿ ಹೊಳೀತಿರಬೇಕು, ಒಳಗೆ ಕೂತು ಮಂಜಾಗಿದ್ದರೆ ಬಿಡಿ. ಬೆನ್ನಿನ ಮೇಲೆ ಬೆರಳು ಒತ್ತಿದರೆ ತಗ್ಗು ತಕ್ಷಣ ತುಂಬಬೇಕು. ಬಂಗಡೆ ತಲೆ ಹಿಡಿದು ಅಡ್ಡ ಎತ್ತಿದರೆ ಬಾಲ ಜೋಲಬಾರದು, ಹಲಗೆ ಹಾಗೆ ನಿಲ್ಲಬೇಕು.

ಐಸ್ ಲೆಕ್ಕ: ಒಂದು ಕೆ.ಜಿ. ಮೀನಿಗೆ ಒಂದು ಕೆ.ಜಿ. ಐಸ್, ಬೇಸಿಗೆಯಾದರೆ ಒಂದೂವರೆ. ಗಟ್ಟಿ ಅಲ್ಲ, ಪುಡಿ ಐಸ್. ಗಟ್ಟಿ ತುಂಡು ಮೀನಿಗೆ ಎಲ್ಲಾ ಕಡೆ ತಾಗೋದಿಲ್ಲ, ಮೂಲೆಯಿಂದ ಚುಚ್ಚಿ ಮಾಂಸ ಗಾಯ ಮಾಡ್ತದೆ. ಕಿವಿರು, ಕರುಳು ಅಲ್ಲೇ ತೆಗೆಸಿ, ಆದರೆ ತುಂಡು ಮಾಡಿಸಬೇಡಿ. ಕೊಯ್ದ ಜಾಗದಿಂದಲೇ ರುಚಿ ಹೋಗೋದು, ಕೆಡೋದೂ ಅಲ್ಲಿಂದಲೇ. ಥರ್ಮಾಕೋಲ್ ಪೆಟ್ಟಿಗೆಯ ತಳಕ್ಕೆ ಎರಡು ಇಂಚು ಐಸ್, ಮೇಲೆ ಒಂದು ಸಾಲು ಮೀನು, ಮತ್ತೆ ಐಸ್, ಹೀಗೆ. ಮೇಲಿನ ಪದರ ಐಸೇ ಇರಬೇಕು. ಮುಚ್ಚಳದ ಸುತ್ತ ಅಗಲ ಟೇಪ್.

ಹೆಚ್ಚಿನವರು ತಪ್ಪೋದು ಕರಗಿದ ನೀರಿನ ವಿಷಯದಲ್ಲಿ. ಆ ನೀರಲ್ಲಿ ಮೀನು ಮುಳುಗಿದ್ದರೆ ಮೆತ್ತಗಾಗಿ ವಾಸನೆ ಬರ್ತದೆ. ತಳದಲ್ಲಿ ಎರಡು ತಟ್ಟೆ ಬೋರಲು ಹಾಕಿ ಅದರ ಮೇಲೆ ಐಸ್ ಹಾಸಿದರೆ ನೀರು ಕೆಳಗೆ ನಿಲ್ತದೆ. ಜೋಗದಲ್ಲೋ ಶಿವಮೊಗ್ಗದಲ್ಲೋ ಒಂದು ಸಲ ಬಗ್ಗಿಸಿ ಚೆಲ್ಲಿ. ಐಸಿಗೆ ಉಪ್ಪು ಬೆರೆಸಬೇಡಿ, ಸೊನ್ನೆಗಿಂತ ಕೆಳಗೆ ಹೋಗಿ ಚರ್ಮ ಸುಟ್ಟ ಹಾಗಾಗ್ತದೆ.

ಬಂಗಡೆ ವಿಷಯದಲ್ಲಿ ಜಾಸ್ತಿ ಎಚ್ಚರ. ಅದು ಬಿಸಿಯಲ್ಲಿ ಕೆಲವು ಗಂಟೆ ಇದ್ದರೆ ಹಿಸ್ಟಮಿನ್ ಅನ್ನೋ ಪದಾರ್ಥ ಸೇರ್ತದೆ. ತಿಂದವರಿಗೆ ಮುಖ ಕೆಂಪಾಗಿ, ತುರಿಕೆ, ತಲೆನೋವು ಬರ್ತದೆ. ಕುದಿಸಿದರೂ ಹುರಿದರೂ ಅದು ಹೋಗೋದಿಲ್ಲ. ಆದ್ದರಿಂದ ಖರೀದಿಸಿದ ಕೂಡಲೇ ಐಸು, ಊಟ ಮುಗಿಸಿ ಬಂದು ಅಲ್ಲ.

ಸಿಗಡಿಯ ತಲೆ ತೆಗೆಸಿ ತನ್ನಿ, ಇಲ್ಲದಿದ್ದರೆ ಕಪ್ಪಾಗ್ತದೆ. ಜೀವಂತ ಏಡಿಯನ್ನ ನೀರಲ್ಲಿ ಹಾಕಿ ತಂದರೆ ಉಸಿರುಕಟ್ಟಿ ಸಾಯ್ತದೆ. ಒದ್ದೆ ಗೋಣಿಚೀಲವೇ ಸರಿ. ಸತ್ತ ಏಡಿ ಬಿಸಾಡಿ.

ಕೆಟಿಜೆ ನಗರ

ದಾವಣಗೆರೆಗೆ ತಲುಪಿದ ಮೇಲೆ ನೇರ ಫ್ರೀಜರಿಗೆ ಇಡೋದಾ?

ಕಾಸರಕೋಡು ಟೊಂಕ

ತೊಳೆದು, ನೀರು ಬಸಿದು, ಒಂದು ಊಟಕ್ಕೆ ಬೇಕಾದಷ್ಟು ಬೇರೆ ಬೇರೆ ಕಟ್ಟಿ ಇಡಿ. ಒಂದು ಸಲ ಕರಗಿಸಿದ್ದನ್ನ ಮತ್ತೆ ಗಟ್ಟಿ ಮಾಡಬಾರದು. ತಾರ್ಲೆ ಎಣ್ಣೆ ಮೀನು, ಫ್ರೀಜರಲ್ಲೂ ಬೇಗ ಕನರು ವಾಸನೆ ಬರ್ತದೆ. ಅದನ್ನ ಅವತ್ತೇ ಸಾರು ಮಾಡಿಬಿಡಿ.

ಹೊನ್ನಾಳಿ ರಸ್ತೆ

ಅಜ್ಜಿ ಊಟದ ಬಗ್ಗೆ: "ಸಸ್ಯಾಹಾರವೂ ಸಿಗುತ್ತೆ" ಅಂತ ಬೋರ್ಡ್ ಇರೋ ಕಡೆ ಒಂದೇ ಎಣ್ಣೆ ಬಳಸಬಹುದು. ದೇವಸ್ಥಾನ ಇರೋ ಊರುಗಳಲ್ಲಿ ಬರೀ ಸಸ್ಯಾಹಾರದ ಹೋಟೆಲು ಬೇಕಾದಷ್ಟಿವೆ, ಮಧ್ಯಾಹ್ನದ ಊಟವನ್ನ ಇಡಗುಂಜಿ, ಮುರುಡೇಶ್ವರ, ಕೊಲ್ಲೂರಿಗೆ ಹೊಂದಿಸಿ. ಅನ್ನ ಕುಚ್ಚಲಕ್ಕಿಯದ್ದಾದರೆ ನಮ್ಮ ಕಡೆ ವಯಸ್ಸಾದವರಿಗೆ ಬೇಗ ಜೀರ್ಣ ಆಗಲ್ಲ, "ಬೆಳ್ತಿಗೆ ಅನ್ನ ಇದೆಯಾ" ಅಂತ ಕೇಳಿ, ಅಂದ್ರೆ ನಮ್ಮ ಬಿಳಿ ಅನ್ನ. ರೊಟ್ಟಿ ನಿರೀಕ್ಷೆ ಬೇಡ. ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋದರೆ ಮೂರು ದಿನ ಏನೂ ಆಗಲ್ಲ. ಆದರೆ ಕಡಲ ಗಾಳಿಗೆ ರೊಟ್ಟಿ ಮೆತ್ತಗಾಗುತ್ತೆ, ಸ್ಟೀಲ್ ಡಬ್ಬಿಯಲ್ಲೇ ಇಡಿ.

ಕಾಸರಕೋಡು ಟೊಂಕ

ಒಂದು ಮನವಿ. ಬೆಳಿಗ್ಗೆ ದಡದಲ್ಲಿ ಕೈರಂಪಣಿ ಎಳೆಯೋದು ಕಾಣಬಹುದು. ದೋಣಿಯವರು ಬಲೆಯನ್ನ ಅರ್ಧಚಂದ್ರದ ಹಾಗೆ ಬಿಟ್ಟು ಬರ್ತಾರೆ, ಅದರ ಎರಡು ತುದಿಯ ಹಗ್ಗವನ್ನ ದಡದಲ್ಲಿ ಎರಡು ಗುಂಪು ಎಳೀತದೆ. ಎಳೀತಾ ಎಳೀತಾ ಎರಡೂ ಗುಂಪು ಹತ್ತಿರ ಬರ್ತದೆ. ಆ ಹಗ್ಗಗಳ ನಡುವಿನ ನೀರಿಗೆ ಇಳಿದರೆ ಮೀನು ಬೆದರಿ ತಪ್ಪಿಸಿಕೊಳ್ತದೆ, ಅವರ ಅರ್ಧ ದಿನದ ದುಡಿಮೆ ಹೋಯ್ತು. ಬಿಗಿದ ಹಗ್ಗ ದಾಟಲೂ ಬೇಡಿ, ಕಾಲಿಗೆ ಸಿಕ್ಕರೆ ಚರ್ಮ ಕಿತ್ತು ಬರ್ತದೆ. ಹಗ್ಗದ ಹೊರಗೆ ನಿಂತು ನೋಡಿ, ಕೇಳಿದರೆ ಮಕ್ಕಳ ಕೈಗೂ ಹಗ್ಗ ಕೊಡ್ತಾರೆ. ಮರಳ ಮೇಲೆ ಒಣಗಲು ಹರಡಿದ ಮೀನಿನ ಮೇಲೆ ಚಪ್ಪಲಿ ಕಾಲಿಡಬೇಡಿ, ಅದು ಯಾರದೋ ಮಳೆಗಾಲದ ಊಟ. ಜನವರಿ ಆಸುಪಾಸು ಬಂದರೆ ರಾತ್ರಿ ದಡದಲ್ಲಿ ಟಾರ್ಚು ಬೀಸಬೇಡಿ, ಕಡಲಾಮೆ ಮೊಟ್ಟೆ ಇಡೋಕೆ ಬರೋ ಕಾಲ.

ಪಿ.ಜೆ. ಬಡಾವಣೆ

ಸರಿ, ಹಾಗಾದ್ರೆ ನವೆಂಬರ್ ಕೊನೆ ವಾರ ಅಂತ ಗಟ್ಟಿ ಮಾಡಿದೆ. ಮೊದಲ ದಿನ ಜೋಗದ ಮೇಲೆ ಹೊನ್ನಾವರ. ಎರಡನೇ ದಿನ ಕಾಸರಕೋಡು, ಇಡಗುಂಜಿ, ಮುರುಡೇಶ್ವರ. ಮೂರನೇ ದಿನ ಮರವಂತೆ ನೋಡಿ ಕೊಲ್ಲೂರು, ನಗರ, ಹೊಸನಗರ ಮೇಲೆ ವಾಪಸ್. ಮೀನು ಎಲ್ಲಿ ತಗೊಳ್ಳೋದು?

ಹೊನ್ನಾಳಿ ರಸ್ತೆ

ಮೂರನೇ ದಿನ ಭಾರ ಆಯ್ತು ಸರ್. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ಮಧ್ಯೆ ಹೆದ್ದಾರಿ. ನೋಡೋಕೆ ಅರ್ಧ ಗಂಟೆ ಸಾಕು, ಆದರೆ ವೇಗವಾಗಿ ಗಾಡಿ ಓಡೋ ಜಾಗ, ಮಕ್ಕಳನ್ನ ರಸ್ತೆ ದಾಟಿಸಬೇಡಿ, ಕಡಲ ಬದಿಯಲ್ಲೇ ನಿಲ್ಲಿಸಿ. ಕೊಲ್ಲೂರು ದರ್ಶನ ಮುಗಿಸಿ 2 ಗಂಟೆ ಒಳಗೆ ಘಾಟಿ ಹತ್ತಿದರೆ ಕತ್ತಲಾಗೋ ಮುಂಚೆ ಶಿವಮೊಗ್ಗ. ನಗರದ ಕೋಟೆ ಈ ಸಲ ಬಿಡಿ.

ಕಾಸರಕೋಡು ಟೊಂಕ

ಕೊಲ್ಲೂರಿಗೆ ಹೋಗೋದಿದ್ದರೆ ಮೀನಿನ ಪೆಟ್ಟಿಗೆ ಗಾಡಿಯಲ್ಲಿ ಇಟ್ಟುಕೊಂಡು ದೇವಸ್ಥಾನಕ್ಕೆ ಹೋಗೋದು ಅಜ್ಜಿಗೆ ಸರಿ ಬರ್ತದಾ ಕೇಳಿ ಮೊದಲು. ಬರೋದಿಲ್ಲ ಅಂದ್ರೆ ಈ ಸಲ ಒಣಮೀನೂ ಬೇಡ, ಹೊನ್ನಾವರದಲ್ಲೇ ತಿಂದು ಬನ್ನಿ. ಇಲ್ಲಾಂದ್ರೆ ಕೊಲ್ಲೂರು ಎರಡನೇ ದಿನಕ್ಕೆ ಹಾಕಿ, ಮೂರನೇ ದಿನ ಬೆಳಿಗ್ಗೆ ಹೊನ್ನಾವರ ಪೇಟೆಯಲ್ಲಿ ಮೀನು ತಗೊಂಡು ಬಂದ ದಾರಿಯಲ್ಲೇ ವಾಪಸ್ ಹೋಗಿ.

ಪಿ.ಜೆ. ಬಡಾವಣೆ

ಕೇಳಿದೆ. ಬರೋದಿಲ್ಲ ಅಂದ್ರು. ಕೊಲ್ಲೂರು ಎರಡನೇ ದಿನಕ್ಕೆ, ಮರವಂತೆಯೂ ಅದೇ ದಿನ. ಮುರುಡೇಶ್ವರವನ್ನ ಮೊದಲ ದಿನ ಸಂಜೆಗೆ ತರ್ತೀನಿ, ಕಾಸರಕೋಡು ಮೂರನೇ ದಿನ ಬೆಳಿಗ್ಗೆ, ಆಮೇಲೆ ಮೀನು.

ಹರಿಹರದ ಹೊಳೆ

ಮನೆಗೆ ಬಂದ ಮಾರನೇ ದಿನವೇ ಗಾಡಿಯ ತಳಭಾಗಕ್ಕೆ ಸಿಹಿನೀರಿನಿಂದ ವಾಟರ್ ವಾಶ್ ಮಾಡಿಸಿ. ಮೇಲೆ ಬರೀ ಒರೆಸಿದರೆ ಸಾಲದು, ಸೈಲೆನ್ಸರ್, ಬ್ರೇಕ್ ಪೈಪ್, ಬೋಲ್ಟುಗಳ ಸಂದಿಯಲ್ಲಿ ಉಪ್ಪು ಕೂತಿರುತ್ತೆ. ಕಾಲೊರೆಸೋ ಮ್ಯಾಟ್ ತೆಗೆದು ಕೆಳಗಿನ ಮರಳೂ ಗುಡಿಸಿ. ಒದ್ದೆ ಮರಳು ತಿಂಗಳುಗಟ್ಟಲೆ ಅಲ್ಲೇ ಕೂತರೆ ತಳದ ತಗಡು ಒಳಗಿಂದ ತುಕ್ಕು ಹಿಡಿಯುತ್ತೆ.